ನೆಗ್ಗಿನ ಮೇಲಿನ ಹೆಸರು

ನನ್ನ ಅಕ್ಕ ಯಾರನ್ನೂ ಸುಲಭಕ್ಕೆ ನಂಬುವವಳಲ್ಲ. ಹಾಲಿನವನು ಅಳೆದು ಕೊಟ್ಟ ಹಾಲನ್ನು ಒಳಗೆ ತಂದು ಇನ್ನೊಮ್ಮೆ ಅಳೆಯುವ ಜಾತಿ. ಮೂವತ್ತು ವರ್ಷ ಒಂದು ಪಾತ್ರೆ ಅಂಗಡಿಯ ಮೂಲೆಯಲ್ಲಿ ಕೂತು ತಟ್ಟೆ, ಲೋಟ, ಕೊಡಗಳ ಮೇಲೆ ಹೆಸರು ಕೊರೆದವಳು ಅವಳು. ಗಿರಾಕಿಗಳು ಹೇಳಿದ ಹೆಸರನ್ನು ಮೂರು ಸಲ ಕೇಳಿ, ಚೀಟಿಯಲ್ಲಿ ಅವರ ಕೈಯಿಂದಲೇ ಬರೆಸಿಕೊಂಡು, ಆಮೇಲೆ ಉಳಿ ಮುಟ್ಟುತ್ತಿದ್ದಳು. ನಾನು ಅವಳಿಗೆ ತದ್ವಿರುದ್ಧ. ಆಸ್ಪತ್ರೆಯಲ್ಲಿ ಪರೀಕ್ಷೆಗೆ ರಕ್ತ ತೆಗೆಯುವುದು ನನ್ನ ಕೆಲಸ. ಸೂಜಿಗೆ ಹೆದರುವವರನ್ನು ಮಾತಾಡಿಸಿ ಮಾತಾಡಿಸಿ ನನ್ನ ನಾಲಿಗೆ ಸಡಿಲವಾಗಿಹೋಗಿದೆ.

ಮದುವೆಗೆ ಮುಂಚೆ ನಾವಿಬ್ಬರೂ ಒಂದು ಆಸೆ ಇಟ್ಟುಕೊಂಡಿದ್ದೆವು. ಬೆನ್ನಿಗೊಂದು ಚೀಲ ಏರಿಸಿಕೊಂಡು ಗಡಿಯಾಚೆಯ ದೇಶವನ್ನು ಆದಷ್ಟೂ ನಡೆದೇ ನೋಡಿ ಬರಬೇಕು ಅಂತ. ಭಾಷೆ ನಮ್ಮದೇ, ಬೆಟ್ಟ ಮಾತ್ರ ನಮ್ಮಲ್ಲಿಲ್ಲದಷ್ಟು. ಹೊರಡಬೇಕೆನ್ನುವಾಗ ಅಲ್ಲಿ ಯುದ್ಧ ಶುರುವಾಯಿತು. ಅದು ಮುಗಿಯುವ ಹೊತ್ತಿಗೆ ನಮಗೆ ಗಂಡ, ಮಕ್ಕಳು, ಅತ್ತೆ-ಮಾವ. ಮುಗಿದು ಇಪ್ಪತ್ತೆರಡು ವರ್ಷವಾದ ಮೇಲೆ, ಪಾತ್ರೆ ಅಂಗಡಿಯ ಯಜಮಾನ ಬಾಗಿಲು ಹಾಕಿ ಅಕ್ಕನನ್ನು ಮನೆಗೆ ಕಳಿಸಿದಾಗ, ನಾನೇ ಹಟ ಹಿಡಿದು ಹೊರಡಿಸಿದೆ. ಭಾವ ನಮ್ಮ ಚೀಲಗಳನ್ನು ನೋಡಿ, "ಇಬ್ಬರೂ ಮತ್ತೆ ಶಾಲೆಗೆ ಸೇರ್ಕೊಂಡ್ರಾ? ಟಿಫನ್ ಡಬ್ಬಿ ಮರೀಬೇಡಿ" ಎಂದು ನಕ್ಕರು.

ಅಲ್ಲಿ ರಸ್ತೆಗಳು ಚೆನ್ನಾಗಿದ್ದವು, ಬಸ್ಸುಗಳು ಹೊತ್ತಿಗೆ ಸರಿಯಾಗಿ ಬರುತ್ತಿದ್ದವು. ಆದರೆ ಮನೆಗಳ ಗೋಡೆಯಲ್ಲಿ ಅಂಗೈಯಗಲದ ಸಿಮೆಂಟಿನ ತೇಪೆಗಳಿದ್ದವು. ಗುಂಡು ಹೊಕ್ಕ ಜಾಗಗಳು ಅವು. ಹೊಲಗಳ ಅಂಚಿನಲ್ಲಿ ಕೆಂಪು ಬಣ್ಣ ಬಳಿದ ಕಲ್ಲುಗಳು. ಮೊದಲ ದಿನವೇ ಬಸ್ಸಿನ ಕಂಡಕ್ಟರ್ ಹೇಳಿದ್ದ: "ಕೆಂಪು ಕಲ್ಲು ದಾಟಿ ಒಂದು ಹೆಜ್ಜೆನೂ ಇಡಬೇಡಿ ಅಮ್ಮ. ಹೂತಿಟ್ಟ ಬಾಂಬು ಇನ್ನೂ ತೆಗೆದು ಮುಗಿದಿಲ್ಲ."

ಜನರ ಮಾತಿನಲ್ಲೂ ಅಂಥ ಕಲ್ಲುಗಳಿದ್ದವು. "ಯಾವೂರು?" ಅಂತ ಕೇಳುವರು. ಗಡಿಯಾಚೆ ಎಂದರೆ, ಮರುಪ್ರಶ್ನೆ "ನಿಮ್ಮಪ್ಪ ಏನು ಕೆಲಸ ಮಾಡ್ತಿದ್ರು?" ಸೋತ ಪಡೆಯ ಎಷ್ಟೋ ಜನ ನಮ್ಮ ಕಡೆಗೆ ಓಡಿಬಂದು, ಹೆಸರು ಬದಲಾಯಿಸಿಕೊಂಡು ಸಂಸಾರ ಸಮೇತ ನೆಲೆಸಿದ್ದಾರೆ ಅನ್ನುವ ಗುಮಾನಿ ಅಲ್ಲಿ ಎಲ್ಲರಿಗೂ. ಅಪ್ಪ ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುತ್ತಿದ್ದರು ಅಂದರೆ, "ಹೂಂ" ಎಂದು ಸುಮ್ಮನಾಗುವರು. ಆ ಹೂಂ ನಂಬಿದ ಹೂಂ ಅಲ್ಲ.

ಮೂರನೆಯ ಊರಿನ ಬಸ್ ಸ್ಟ್ಯಾಂಡಿನಲ್ಲಿ ಒಬ್ಬ ಯುದ್ಧಕಾಲದ ಸಾಮಾನು ಹರವಿಕೊಂಡಿದ್ದ. ಬೆಲ್ಟಿನ ಬಕಲ್ಲು, ತುಕ್ಕು ಹಿಡಿದ ಟೋಪಿ, ಸೈನಿಕರು ಸೊಂಟಕ್ಕೆ ಕಟ್ಟಿಕೊಳ್ಳುವ ಅಲ್ಯೂಮಿನಿಯಂ ನೀರಿನ ಬಾಟಲಿಗಳು. ನನ್ನ ಬಾಟಲಿಯ ಮುಚ್ಚಳ ಒಡೆದಿತ್ತು. ಒಂದನ್ನು ಆರಿಸಿಕೊಂಡೆ. ಅದರ ಹೊಟ್ಟೆಯ ಮೇಲೆ ಚುಕ್ಕಿ ಚುಕ್ಕಿಯಾಗಿ 'ಬುಗುರಿ' ಎಂದು ಹೆಸರು ಬರೆದಿತ್ತು.

ಅಕ್ಕ ಅದನ್ನು ತಿರುಗಿಸಿ ನೋಡಿ, "ಬೇಡ ಕಣೆ" ಅಂದಳು.

"ಯಾಕೆ?"

"ಏನೋ ಸರಿಯಿಲ್ಲ."

"ನಿನಗೆ ಯಾವುದು ಸರಿಯಿದೆ ಹೇಳು" ಎಂದು ನಾನು ಅದನ್ನು ಚೀಲದ ಹೊರಗೆ ತೂಗುಹಾಕಿಕೊಂಡೆ.

ಎರಡು ದಿನ ನಡೆದು, ಹೊಳೆಯ ಪಕ್ಕದ ಇನ್ನೊಂದು ಊರು ತಲುಪಿದೆವು. ಸೇತುವೆಯ ಹತ್ತಿರ ಆರು ಕೋಣೆಗಳ ಲಾಡ್ಜೊಂದಿತ್ತು. ನಡೆಸುತ್ತಿದ್ದವಳು ಅಕ್ಕನ ವಯಸ್ಸಿನ ಹೆಂಗಸು. ತೆಳ್ಳಗೆ, ನೆಟ್ಟಗೆ, ಇಸ್ತ್ರಿ ಮಾಡಿದ ಬಟ್ಟೆಯಂತಿದ್ದಳು. ನಾವು ನಮ್ಮೊಳಗೆ ಅವಳನ್ನು ಲಾಡ್ಜಿನಮ್ಮ ಎಂದೆವು. ರಿಜಿಸ್ಟರಿನಲ್ಲಿ ನಮ್ಮ ವಿವರ ಬರೆದುಕೊಳ್ಳುತ್ತಿದ್ದವಳ ಕಣ್ಣು ನನ್ನ ಚೀಲದ ಕಡೆ ಹೋಯಿತು. ಪೆನ್ನು ನಿಂತಿತು. ಆಮೇಲೆ, ಏನೂ ಆಗದವಳಂತೆ ಸಾಲು ಮುಗಿಸಿದಳು.

"ಗುರುತಿನ ಚೀಟಿ ಇಲ್ಲೇ ಇರಲಿ. ಪೊಲೀಸರಿಗೆ ತೋರಿಸಬೇಕು. ಸಂಜೆ ಕೊಡ್ತೀನಿ" ಎಂದಳು. ಕೆಳಗಡೆ ಮೂರು ಕೋಣೆ ಖಾಲಿಯಿದ್ದರೂ ನಮ್ಮನ್ನು ಮೇಲಿನ ಮೂಲೆಯ ಕೋಣೆಗೆ ಕರೆದುಕೊಂಡು ಹೋದಳು.

ಸಂಜೆ ಚೀಟಿ ಬರಲಿಲ್ಲ. ಕೇಳಿದರೆ "ನಾಳೆ" ಎಂದಳು. ಅಕ್ಕ ಬಾಗಿಲಿಗೆ ಕುರ್ಚಿ ಒತ್ತಿಟ್ಟು ಮಲಗಿದಳು. ನಾನು ನಕ್ಕೆ. ಬೆಳಿಗ್ಗೆ ಸೋಪು ತರಲು ಹೋದಾಗ ನಗು ಇಳಿಯಿತು. ಅಂಗಡಿಯವನು ಸೋಪು ಕೊಡುವುದನ್ನು ಬಿಟ್ಟು ನನ್ನ ಮುಖವನ್ನೇ ನೋಡುತ್ತಿದ್ದ. ಎದುರಿನ ಕ್ಷೌರದಂಗಡಿಯವನು ಬಾಚಣಿಗೆ ಹಿಡಿದುಕೊಂಡೇ ಬಾಗಿಲಿಗೆ ಬಂದು ನಿಂತ. ಒಳಗಿದ್ದ ಗಿರಾಕಿಯೂ ಅರ್ಧ ಕತ್ತರಿಸಿದ ತಲೆಯನ್ನು ಹೊರಗೆ ಚಾಚಿದ. ಊರಿಗೆ ಊರೇ ನಮ್ಮ ವಿಷಯ ಮಾತಾಡಿ ಮುಗಿಸಿದಂತಿತ್ತು.

ವಾಪಸು ಬಂದಾಗ ಅಕ್ಕ ನಮ್ಮ ಚೀಲಗಳ ಮುಂದೆ ಕೂತಿದ್ದಳು. "ಯಾರೋ ಕೈ ಹಾಕಿದಾರೆ. ನಾನು ಅಂಗಿ ಮಡಚೋದು ಕಾಲರ್ ಎಡಕ್ಕೆ ಬರೋ ಹಾಗೆ. ಈಗೆಲ್ಲ ಬಲಕ್ಕಿದೆ."

"ಏನಾದ್ರೂ ಹೋಗಿದೆಯಾ?"

"ಬಾಟಲಿ."

ಅಕ್ಕ ದಡದಡ ಮೆಟ್ಟಿಲಿಳಿದಳು. ನಾನು ಹಿಂದೆ. ಲಾಡ್ಜಿನಮ್ಮ ಹಿಂದಿನ ಕೋಣೆಯಲ್ಲಿ ಒಗೆದ ಹೊದಿಕೆಗಳ ನಡುವೆ ನಿಂತಿದ್ದಳು. ಬಾಟಲಿ ಇಸ್ತ್ರಿ ಮೇಜಿನ ಮೇಲಿತ್ತು.

"ನಮ್ಮ ಚೀಲ ಮುಟ್ಟಿದ್ದು ಯಾರು?" ಅಕ್ಕ ಕೇಳಿದಳು.

"ನಾನೇ." ಅವಳು ಹೋಗಿ ಮುಂಬಾಗಿಲ ಚಿಲಕ ಹಾಕಿ ಬಂದಳು. "ಈಗ ನಾನು ಕೇಳ್ತೀನಿ, ನೀವು ಹೇಳಿ. ನಿಮ್ಮಲ್ಲಿ ಯಾರು ಇಲ್ಲಿ ಯುದ್ಧಕ್ಕೆ ಬಂದಿದ್ದು? ಅಪ್ಪನಾ, ಗಂಡನಾ? ಈ ಬಾಟಲಿನ ಅವರು ಎಲ್ಲಿಂದ ತಂದ್ರು?"

"ಯಾರೂ ಬಂದಿಲ್ಲ ಅಮ್ಮ. ಮೊನ್ನೆ ಬಸ್ ಸ್ಟ್ಯಾಂಡಿನಲ್ಲಿ ತಗೊಂಡೆ ನಾನು" ಎಂದೆ.

"ಹೌದೌದು. ಎಲ್ಲರೂ ಬಸ್ ಸ್ಟ್ಯಾಂಡಿನಲ್ಲೇ ತಗೊಳ್ಳೋದು." ಅವಳ ದನಿ ಏರಲಿಲ್ಲ. ಅದೇ ನನಗೆ ಹೆಚ್ಚು ಹೆದರಿಕೆ ಹುಟ್ಟಿಸಿತು. "ಬುಗುರಿ ನನ್ನ ತಮ್ಮ."

ಆಮೇಲೆ ನಿಂತುಕೊಂಡೇ ಹೇಳಿದಳು. ತಮ್ಮನಿಗೆ ಹತ್ತೊಂಬತ್ತು. ಸೈನಿಕನಲ್ಲ, ಬಡಗಿಯ ಹತ್ತಿರ ಕೆಲಸ ಕಲಿಯುತ್ತಿದ್ದ. ಯುದ್ಧದ ಕೊನೆಯ ಚಳಿಗಾಲ ಸೀಮೆಎಣ್ಣೆ ತರುತ್ತೇನೆಂದು ಡಬ್ಬಿ ಹಿಡಿದು ಹೋದವನನ್ನು, ಮುಂದೆ ಸೋತ ಆ ಪಡೆಯವರು ಸೇತುವೆಯ ಮೇಲಿಂದ ಲಾರಿಗೆ ಹತ್ತಿಸಿಕೊಂಡು ಹೋದರು. ಡಬ್ಬಿ ಸಿಕ್ಕಿತು, ಅವನು ಸಿಗಲಿಲ್ಲ. ಯುದ್ಧ ಮುಗಿದ ಮೇಲೆ ಸರ್ಕಾರ ಕಾಣೆಯಾದವರ ಹೆಸರಿನ ಪುಸ್ತಕವೊಂದನ್ನು ಅಚ್ಚು ಹಾಕಿಸಿತ್ತು. ಕಪಾಟಿನಿಂದ ಅದನ್ನು ತೆಗೆದು ತೋರಿಸಿದಳು. ತಮ್ಮನ ಪುಟ ಬಟ್ಟೆಯ ಹಾಗೆ ಮೆತ್ತಗಾಗಿತ್ತು.

"ಇದರಲ್ಲಿ ಅವನ ಶಾಲೆಯ ಹೆಸರಿದೆ. ಬುಗುರಿ ಅಂತ ಕರೀತಿದ್ದಿದ್ದು ನಾನು, ನಮ್ಮಮ್ಮ, ಅಷ್ಟೇ. ಹಿಡ್ಕೊಂಡು ಹೋದವರ ಬಾಟಲಿಲಿ ಅವನ ಹೆಸರು ಇದೆ ಅಂದ್ರೆ ಅವನು ಬದುಕಿದ್ದ. ಅವರ ಜೊತೆ ಇದ್ದ. ಆಮೇಲೆ ಏನಾಯ್ತು? ಅದನ್ನ ಹೇಳಿಬಿಡಿ. ನಿಮ್ಮನ್ನ ಏನೂ ಮಾಡಲ್ಲ."

ಅಕ್ಕ ತನ್ನ ಕೈಚೀಲದಿಂದ ಕಣ್ಣಿಗೆ ಒತ್ತಿಕೊಳ್ಳುವ ಸಣ್ಣ ಭೂತಗನ್ನಡಿ ತೆಗೆದು, ಕಿಟಕಿಯ ಬೆಳಕಿಗೆ ಬಾಟಲಿ ಹಿಡಿದು ಬಹಳ ಹೊತ್ತು ನೋಡಿದಳು. ಉಗುರಿನಿಂದ ಅಕ್ಷರಗಳನ್ನು ಕೆರೆದಳು. ಏನು ಕಂಡಳೋ, ಹೇಳಲಿಲ್ಲ.

"ಆ ಅಂಗಡಿಗೆ ಹೋಗೋಣ. ನೀವೂ ಬನ್ನಿ. ನಮ್ಮ ಮಾತು ಸುಳ್ಳಾದ್ರೆ ಅಲ್ಲೇ ಪೊಲೀಸರಿಗೆ ಕೊಡಿ" ಎಂದಳು.

"ಚೀಟಿ ನನ್ನ ಹತ್ರಾನೇ ಇರುತ್ತೆ" ಎಂದಳು ಲಾಡ್ಜಿನಮ್ಮ.

ಮೇಲೆ ಬಂದು ಚೀಲ ಕಟ್ಟುವಾಗ ಅಕ್ಕ ಪಿಸುಗುಟ್ಟಿದಳು: "ನಕಲಿ ಕಣೆ ಅದು. ಬಾಟಲಿ ಹಳೇದು, ಹೆಸರು ಹೊಸದು. ಬಾಟಲಿ ನೆಗ್ಗಿದೆಯಲ್ಲ, ಆ ನೆಗ್ಗಿನ ಒಳಗೂ ಚುಕ್ಕಿಗಳು ದುಂಡಗೆ ಕೂತಿವೆ. ನೆಗ್ಗಿದ ಮೇಲೆ ಹೊಡೆದದ್ದು. ಮೊದಲೇ ಇದ್ದಿದ್ರೆ ಸೊಟ್ಟ ಆಗಿರೋದು. ಹಳೇದು ಅನ್ನಿಸಲಿ ಅಂತ ಚುಕ್ಕಿಗೆಲ್ಲ ಬೂಟ್ ಪಾಲಿಶ್ ಉಜ್ಜಿದಾರೆ, ಉಗುರಿಗೆ ಬಂತು. ಮತ್ತೆ, ಚಾಕು ಮೊನೆಲಿ ಗೀಚೋ ಹುಡುಗನ ಕೈಯಲ್ಲಿ 'ಬು' ಇಷ್ಟು ದುಂಡಗೆ ಬರಲ್ಲ. ಇದು ನನ್ನಂಥವರ ಕೈ."

"ಹಾಗಾದ್ರೆ ಆಯಮ್ಮನಿಗೆ ಹೇಳಿಬಿಡು. ಸುಮ್ಮನೆ ಆಸೆ ಇಟ್ಕೊಂಡು ಬಸ್ಸು ಹತ್ತೋದು ಬೇಡ."

"ಏನಂತ ಹೇಳಲಿ? ಮನೆಯವರಿಬ್ಬರಿಗೆ ಬಿಟ್ಟು ಯಾರಿಗೂ ಗೊತ್ತಿಲ್ಲದ ಹೆಸರು ಅಂತಾಳೆ. ಪುಸ್ತಕದಲ್ಲೂ ಇಲ್ಲ. ಬರೆದವನಿಗೆ ಹೇಗೆ ಗೊತ್ತಾಯ್ತು?" ಒಂದು ಕ್ಷಣ ಬಿಟ್ಟು ಸೇರಿಸಿದಳು, "ಇಲ್ಲಾ, ಇವಳೇ ಕಥೆ ಕಟ್ತಿರಬೇಕು. ಅದನ್ನೂ ತಳ್ಳಿಹಾಕೋ ಹಾಗಿಲ್ಲ."

ಬಸ್ಸಿನಲ್ಲಿ ಮೂವರೂ ಒಂದೇ ಸೀಟಿನಲ್ಲಿ ಕೂತೆವು. ಬಾಟಲಿ ಲಾಡ್ಜಿನಮ್ಮನ ಮಡಿಲಲ್ಲಿ, ನಮ್ಮ ಚೀಟಿಗಳು ಅವಳ ಪರ್ಸಿನಲ್ಲಿ. ನಾವು ಓಡಿಹೋದೇವೆಂದು ಅವಳಿಗೆ, ಅವಳು ಎಲ್ಲಿಗೆ ಇಳಿಸುತ್ತಾಳೋ ಎಂದು ಅಕ್ಕನಿಗೆ. ನಡುವೆ ಕೂತ ನನಗೆ ಇಬ್ಬರ ಮೊಣಕೈಯೂ ಚುಚ್ಚುತ್ತಿತ್ತು. ಎರಡು ದಿನ ನಡೆದಿದ್ದ ದಾರಿ ಬಸ್ಸಿಗೆ ಎರಡೂವರೆ ಗಂಟೆ.

ಬಸ್ ಸ್ಟ್ಯಾಂಡಿನಲ್ಲಿ ಸಾಮಾನು ಹರವಿಕೊಂಡಿದ್ದವನು ನನ್ನನ್ನು ನೋಡಿ ಗುರುತು ಹಿಡಿದು, "ಇನ್ನೊಂದು ಬೇಕಾ ಮೇಡಂ?" ಎಂದ. ಲಾಡ್ಜಿನಮ್ಮ ನನ್ನ ಕಡೆ ತಿರುಗಿ ನೋಡಿದಳು. ನಾವು ಸುಳ್ಳು ಹೇಳಿರಲಿಲ್ಲ ಎಂದು ಅವಳಿಗೆ ಗೊತ್ತಾದದ್ದು ಆಗಲೇ. ಅವಳ ಮುಖ ಹಗುರವಾಗಲಿಲ್ಲ. ನಮ್ಮ ಮೇಲಿನ ಅನುಮಾನ ಹೋದರೆ ಅವಳ ಕೈಯಲ್ಲಿ ಏನೂ ಉಳಿಯುತ್ತಿರಲಿಲ್ಲ.

"ಹೆಸರಿರೋದು ಇನ್ನಷ್ಟು ಬೇಕಿತ್ತು" ಎಂದಳು ಅಕ್ಕ.

"ಹಿಂದಿನ ಗಲ್ಲಿಲಿ ಸೈಕಲ್ ಶಾಪ್ ಇದೆ. ಅದರ ಹಿಂದಗಡೆ ಒಬ್ಬ ಮೇಸ್ತ್ರಿ ಇದಾರೆ, ಅವರೇ ನನಗೆ ಕೊಡೋದು."

ಗಲ್ಲಿಯ ತುದಿಯಲ್ಲಿ ಅಕ್ಕ ಲಾಡ್ಜಿನಮ್ಮನಿಗೆ ನಕಲಿಯ ವಿಷಯ ಹೇಳಿದಳು. ನೆಗ್ಗನ್ನು ಮುಟ್ಟಿಸಿ, ಪಾಲಿಶ್ ತೋರಿಸಿ ಹೇಳಿದಳು. ಲಾಡ್ಜಿನಮ್ಮ ಕೇಳಿಸಿಕೊಂಡು, "ಹಾಗಾದ್ರೆ ಬರೆದವನಿಗೇ ಗೊತ್ತು" ಎಂದಳು, ಅಷ್ಟೇ. ಅವಳನ್ನು ಬಾಗಿಲ ಹೊರಗೇ ನಿಲ್ಲುವಂತೆ ಒಪ್ಪಿಸಿ ನಾವಿಬ್ಬರೂ ಒಳಗೆ ಹೋದೆವು.

ತಗಡಿನ ಮಾಡಿನ ಸಣ್ಣ ಕೋಣೆ. ಬೆಂಚಿನ ಮೇಲೆ ಬಾಟಲಿ ಬಿಗಿಯುವ ಹಿಡಿಕಟ್ಟು, ಸಣ್ಣ ಸುತ್ತಿಗೆ, ಮೂರು ಉಳಿ, ಬೂಟ್ ಪಾಲಿಶ್ ಡಬ್ಬಿ. ಗೋಡೆಯ ಪಕ್ಕ ಬಾಟಲಿಗಳ ಸಾಲು. ಅರವತ್ತೈದು ದಾಟಿದ ಮನುಷ್ಯ, ಕನ್ನಡಕದ ಒಂದು ಕಡ್ಡಿ ಮುರಿದು ದಾರ ಕಟ್ಟಿಕೊಂಡಿದ್ದ. ಕಾಣೆಯಾದವರ ಅದೇ ಪುಸ್ತಕ ಅವನ ಬೆಂಚಿನ ಮೇಲೂ ಇತ್ತು.

"ನಾನೂ ಇದೇ ಕೆಲಸದವಳು ಯಜಮಾನ್ರೇ. ಮೂವತ್ತು ವರ್ಷ ಪಾತ್ರೆ ಮೇಲೆ ಹೆಸರು ಬರೆದೋಳು" ಎಂದು ಅಕ್ಕ ಸ್ಟೂಲು ಎಳೆದುಕೊಂಡು ಕೂತಳು. ಮುದುಕನ ಮುಖ ಅರಳಿತು. ಉಳಿಯ ಮೊನೆ, ಅಲ್ಯೂಮಿನಿಯಂ ಎಷ್ಟು ಮೆತ್ತಗೆ, ಸ್ಟೀಲು ಎಷ್ಟು ಹಟಮಾರಿ ಎಂದು ಇಬ್ಬರೂ ಮಾತಾಡಿಕೊಂಡರು. ಆಮೇಲೆ ಅಕ್ಕ ಸಾಲಿನಿಂದ ಹೆಸರಿಲ್ಲದ ಒಂದು ಬಾಟಲಿ ತೆಗೆದು ಮುಂದಿಟ್ಟಳು.

"ನನಗೊಂದು ಹೆಸರು ಹಾಕಿಕೊಡಿ."

"ಹೇಳಿ ಅಮ್ಮ."

"ಬು."

ಅವನು ಹೊಡೆದ. ಚುಕ್ಕಿ ಕೆಳಗಿನಿಂದ ಶುರುವಾಗಿ ಮೇಲೆ ಸುತ್ತಿ ಬಂತು, ನಮ್ಮ ಬಾಟಲಿಯ ಮೇಲಿದ್ದ ಅದೇ ದುಂಡನೆಯ 'ಬು'.

"ಗು. ರಿ."

ಸುತ್ತಿಗೆ ಎತ್ತಿದ್ದ ಕೈ ಹಾಗೇ ನಿಂತಿತು. ಅವನು ತಲೆ ಎತ್ತಿ ಅಕ್ಕನನ್ನು ನೋಡಿದ, ಆಮೇಲೆ ಅವಳ ಹೆಗಲ ಮೇಲಿಂದ ಬಾಗಿಲನ್ನು ನೋಡಿದ. ಲಾಡ್ಜಿನಮ್ಮ ಒಳಗೆ ಬಂದಿದ್ದಳು.

"ಈ ಹೆಸರು ನಿಮಗೆ ಎಲ್ಲಿ ಸಿಕ್ತು?" ಅಂದಳು.

"ಪುಸ್ತಕದಲ್ಲಿ."

"ಪುಸ್ತಕದಲ್ಲಿ ಇಲ್ಲ."

"ಬಾಯಿಗೆ ಬಂದಿದ್ದು ಬರೀತೀನಿ ತಾಯಿ. ಸುಮ್ಮನೆ ಒಂದು ಹೆಸರು."

"ಸುಮ್ಮನೆ ಒಂದು ಹೆಸರು ಕೇಳಿ ನಿಮ್ಮ ಸುತ್ತಿಗೆ ಯಾಕೆ ನಿಂತೋಯ್ತು?" ಅಕ್ಕ ಕೇಳಿದಳು.

ಅವನು ಸುತ್ತಿಗೆ ಕೆಳಗಿಟ್ಟ. ಲಾಡ್ಜಿನಮ್ಮ ಬೆಂಚಿನ ಇನ್ನೊಂದು ಪಕ್ಕಕ್ಕೆ ಬಂದು, ಅವನ ಮುಖಕ್ಕೆ ಮುಖ ಕೊಟ್ಟು ನಿಂತಳು. "ಅವನನ್ನ ಯಾಕೆ ಹಾಗೆ ಕರೀತಿದ್ವಿ ಹೇಳಿ. ಅದನ್ನ ಹೇಳಿದ್ರೆ ಸಾಕು."

ಹೊರಗೆ ಸೈಕಲ್ ಶಾಪಿನವನು ಟ್ಯೂಬಿಗೆ ಗಾಳಿ ಹೊಡೆಯುವ ಸದ್ದು ಕೇಳುತ್ತಿತ್ತು. ಅದು ನಿಂತ ಮೇಲೆ ಮುದುಕ ಬಾಯಿ ಬಿಟ್ಟ. "ಒಂದು ಕಡೆ ಕೂರ್ತಿರಲಿಲ್ಲ. ಹಲ್ಲುಜ್ಜುತ್ತಾ ಅಂಗಳ ಸುತ್ತುತ್ತಿದ್ದೆ, ಅದಕ್ಕೆ ಅಕ್ಕ ಬುಗುರಿ ಅಂತಾಳೆ ಅಂತ ಹೇಳ್ತಿದ್ದ. ಅಲ್ಲೂ ಹಾಗೇ. ಗೋಡೆಯಿಂದ ಗೋಡೆಗೆ ಹನ್ನೊಂದು ಹೆಜ್ಜೆ. ಸುತ್ತುತ್ತಾನೇ ಇರ್ತಿದ್ದ. ನಮಗೆ ತಲೆ ತಿರುಗುತ್ತೆ ಕೂತ್ಕೊಳೋ ಅಂತ ಎಲ್ಲರೂ ಬೈತಿದ್ರು."

ಲಾಡ್ಜಿನಮ್ಮ ಪಕ್ಕದಲ್ಲಿದ್ದ ಟೈರುಗಳ ಮೇಲೆ ಕೂತಳು.

ಉಳಿದದ್ದನ್ನು ಅವನು ಬಿಡಿಬಿಡಿಯಾಗಿ ಹೇಳಿದ. ಊರಾಚೆಯ ಶಾಲೆಯ ವಿಜ್ಞಾನದ ಕೋಣೆಯಲ್ಲಿ ಮೇಸ್ತ್ರಿಯೂ ಸೇರಿ ಹದಿನಾಲ್ಕು ಜನರನ್ನು ಕೂಡಿಹಾಕಿದ್ದರು. ಇವನಿಗೆ ಸೀಲು ಕೆತ್ತಲು ಬರುತ್ತದೆಂದು ಗೊತ್ತಾಗಿ, ಓಡಾಟದ ಪಾಸುಗಳಿಗೆ ಒತ್ತುವ ಸೀಲುಗಳನ್ನು ಮಾಡಿಸಿಕೊಂಡರು. ಅದಕ್ಕಾಗಿ ಹಗಲು ಹೊತ್ತು ಹೊರಗೆ ಬಿಡುತ್ತಿದ್ದರು, ಊಟ ಕೊಡುತ್ತಿದ್ದರು. ಹುಡುಗನಿಗೆ ಜ್ವರ ಬಂತು. ಒಂಬತ್ತನೆಯ ದಿನ ಹೋದ. ಅವನ ಜೊತೆ ಇನ್ನೂ ಮೂವರನ್ನು ಕಾಲುವೆಯ ಪಂಪ್ ಹೌಸಿನ ಹಿಂದೆ ಹೂತರು.

"ಇಪ್ಪತ್ತೆರಡು ವರ್ಷ!" ಅಂದಳು ಲಾಡ್ಜಿನಮ್ಮ. ಈಗ ಅವಳ ಮಾತಿನಲ್ಲಿ ಬಹುವಚನ ಇರಲಿಲ್ಲ. "ಎರಡೂವರೆ ಗಂಟೆ ದಾರಿ. ಬಂದು ಹೇಳೋಕೆ ನಿನಗೇನಾಗಿತ್ತು?"

"ಏನಂತ ಬರಲಿ? ಅವರ ಸೀಲು ಮಾಡಿದ ಕೈ ಇದು. ನಾನೂ ಕೈದಿ ಆಗಿದ್ದೆ ಅಂದ್ರೆ ಯಾರು ನಂಬ್ತಿದ್ರು?"

"ಅದಕ್ಕೆ ಅವನ ಹೆಸರು ಮಾರಿದ್ಯಾ?"

"ಹೆಸರಿಲ್ಲದ ಬಾಟಲಿ ಯಾರೂ ಕೊಳ್ಳಲ್ಲ ತಾಯಿ. ಪುಸ್ತಕ ನೋಡಿ ಬರೀತಿದ್ದೆ. ಅವತ್ತೊಂದು ದಿನ ಆ ಹೆಸರು ತಾನಾಗೇ ಬಂತು. ಬರೆದ ಮೇಲೆ ಜಜ್ಜಿಹಾಕೋಕೆ ಮನಸ್ಸಾಗಲಿಲ್ಲ."

ಅವಳು ಹೊಡೆಯುತ್ತಾಳೆ ಎಂದುಕೊಂಡೆ. ಹೊಡೆಯಲಿಲ್ಲ. ನೆಲ ನೋಡುತ್ತಾ, "ಜ್ವರದಲ್ಲಿ ನೀರು ಕೇಳಿದ್ನಾ?" ಎಂದಳು.

"ಕೇಳಿದ. ಕೊಟ್ಟೆ" ಎಂದ ಮುದುಕ. ಪ್ರಶ್ನೆ ಮುಗಿಯುವುದರೊಳಗೇ ಉತ್ತರ ಬಂದಿತ್ತು. ಅಕ್ಕ ನನ್ನ ಕಡೆ ನೋಡಿದಳು. ಅಷ್ಟು ಹೊತ್ತೂ ಒಂದೊಂದು ಮಾತಿಗೂ ತಡವರಿಸಿದ್ದವನು ಈ ಒಂದಕ್ಕೆ ಮಾತ್ರ ತಡವರಿಸಿರಲಿಲ್ಲ.

ಅವತ್ತು ಮಧ್ಯಾಹ್ನವೇ ನಾಲ್ವರೂ ಕಾಣೆಯಾದವರನ್ನು ಹುಡುಕುವ ಸರ್ಕಾರಿ ಕಚೇರಿಗೆ ಹೋದೆವು. ಮುದುಕ ಬರುವುದಿಲ್ಲ ಎನ್ನಲಿಲ್ಲ, ಬರುತ್ತೇನೆ ಎಂದೂ ಹೇಳಲಿಲ್ಲ. ಲಾಡ್ಜಿನಮ್ಮ ಎದ್ದು ನಿಂತಾಗ ಅವನೂ ಕನ್ನಡಕ ಸರಿಮಾಡಿಕೊಂಡು ಎದ್ದ. ಗುಮಾಸ್ತೆ ಸಾಕ್ಷಿಗಳ ಗುರುತಿನ ಚೀಟಿ ಕೇಳಿದಾಗ, ಲಾಡ್ಜಿನಮ್ಮ ಪರ್ಸು ತೆಗೆದು ನಮ್ಮದನ್ನು ನಮಗೆ ಕೊಟ್ಟಳು. ಕ್ಷಮಿಸಿ ಎಂದೇನೂ ಹೇಳಲಿಲ್ಲ. "ನಿಮ್ಮನ್ನ ನಂಬಬಾರದು ಅಂತಾನೇ ಇತ್ತು ನನಗೆ. ನಂಬಿದ್ರೆ ಯಾರನ್ನ ಕೇಳೋದು ಅಂತ" ಎಂದಳು ಅಕ್ಕನಿಗೆ.

"ನಾನೂ ನಿಮ್ಮನ್ನ ನಂಬಿರಲಿಲ್ಲ ಬಿಡಿ" ಎಂದಳು ಅಕ್ಕ. ಇಬ್ಬರಿಗೂ ಅದು ಹಿತವಾಗಿದ್ದಂತೆ ಕಂಡಿತು.

ಪಂಪ್ ಹೌಸಿನ ಹಿಂದಿನ ಜಾಗ ಕೆಂಪು ಕಲ್ಲುಗಳ ಆಚೆಗಿತ್ತು. ಬಾಂಬು ತೆಗೆಯುವವರು ಬಂದು ನೆಲ ಶುದ್ಧ ಮಾಡದೆ ಅಗೆಯುವ ಹಾಗಿರಲಿಲ್ಲ. ನಾವು ಆರು ದಿನ ಅಲ್ಲೇ ಉಳಿದು ಹೇಳಿಕೆಗೆ ಸಹಿ ಹಾಕಿ, ಮುಂದಿನ ಬೆಟ್ಟಗಳನ್ನು ನೋಡದೆಯೇ ಊರಿಗೆ ಮರಳಿದೆವು. ನಡೆಯುವ ಮನಸ್ಸು ಇಬ್ಬರಿಗೂ ಉಳಿದಿರಲಿಲ್ಲ.

ಐದು ತಿಂಗಳ ಮೇಲೆ ಲಾಡ್ಜಿನಮ್ಮನ ಫೋನು ಬಂತು. ಅಕ್ಕನಿಗೇ ಮಾಡಿದ್ದಳು. ನಾಲ್ಕು ಜನರ ಮೂಳೆ ಸಿಕ್ಕಿತು, ಮುದುಕ ತೋರಿಸಿದ ಜಾಗದಿಂದ ಎರಡು ಮಾರು ದೂರದಲ್ಲಿ. ಅವರಲ್ಲಿ ಒಬ್ಬ ಅವಳ ತಮ್ಮನೆಂದು ಪರೀಕ್ಷೆಯಲ್ಲಿ ಖಾತ್ರಿಯಾಯಿತು. ಆ ಕೋಣೆಯಿಂದ ಬದುಕಿ ಬಂದವರಲ್ಲಿ ಇಬ್ಬರನ್ನು ಕಚೇರಿಯವರು ಹುಡುಕಿ ತೆಗೆದರು. ಮೇಸ್ತ್ರಿ ನಮ್ಮ ಜೊತೆಗೇ ನೆಲದ ಮೇಲೆ ಮಲಗುತ್ತಿದ್ದ ಎಂದು ಒಬ್ಬ ಹೇಳಿದ. ಕೋಣೆಯ ಬೀಗದ ಕೈ ಅವನ ಹತ್ತಿರವೇ ಇರುತ್ತಿತ್ತು ಎಂದು ಇನ್ನೊಬ್ಬ ಹೇಳಿದ. ವಿಚಾರಣೆ ಇನ್ನೂ ನಡೆಯುತ್ತಿದೆ. ಕರೆದಾಗಲೆಲ್ಲ ಮುದುಕ ಬರುತ್ತಾನಂತೆ, ಕೇಳಿದ್ದಕ್ಕೆ ಉತ್ತರ ಹೇಳಿ ಹೋಗುತ್ತಾನಂತೆ.

"ನಿನಗೇನನ್ಸುತ್ತೆ?" ಎಂದು ಆಮೇಲೆ ಅಕ್ಕನನ್ನು ಕೇಳಿದೆ.

"ಹೂತ ಜಾಗ ಗೊತ್ತಿತ್ತು ಅವನಿಗೆ. ಹೂಳೋದನ್ನ ನೋಡಿದವನಿಗೂ ಗೊತ್ತಿರುತ್ತೆ, ಹೂತವನಿಗೂ ಗೊತ್ತಿರುತ್ತೆ" ಎಂದಳು.

ತಮ್ಮನನ್ನು ಅಮ್ಮನ ಪಕ್ಕದಲ್ಲಿ ಮಣ್ಣು ಮಾಡಿದ ದಿನದ ವಿಷಯವನ್ನೂ ಲಾಡ್ಜಿನಮ್ಮ ಫೋನಿನಲ್ಲಿ ಹೇಳಿದ್ದಳು. ಜನ ಬಹಳ ಇರಲಿಲ್ಲ. ಕ್ಷೌರದಂಗಡಿಯವನು, ಸೋಪಿನ ಅಂಗಡಿಯವನು, ಹಳೆಯ ಬಡಗಿ. ಮುದುಕ ಗೇಟಿನ ಹೊರಗೆ ನಿಂತಿದ್ದನಂತೆ. ಅವಳು ಒಳಗೆ ಬಾ ಎನ್ನಲಿಲ್ಲ, ಹೋಗು ಎಂದೂ ಹೇಳಲಿಲ್ಲ. ಎಲ್ಲ ಮುಗಿದು ತಿರುಗಿ ನೋಡುವಾಗಲೂ ಅಲ್ಲೇ ನಿಂತಿದ್ದ.

"ಅತ್ತನಾ?" ಎಂದು ಅಕ್ಕ ಕೇಳಿದಳಂತೆ.

"ದೂರ ಇದ್ದ, ಕಾಣಲಿಲ್ಲ. ಹತ್ತಿರ ಹೋಗಿ ನೋಡೋಕೆ ನನಗೆ ಇಷ್ಟ ಆಗಲಿಲ್ಲ" ಎಂದಳಂತೆ ಲಾಡ್ಜಿನಮ್ಮ.